ಕೋವಿಗೆ ಹೊಣೆ ಹೊರಿಸುವ ಸಂಘ

ಸಂಪಾದಕರಿಗೆ,

ಮಾನ್ಯರೇ,

ಮಲೆನಾಡಿನ ಕಾಡುಹಂದಿ ಹಾವಳಿಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ವರದಿಗಳನ್ನೂ ಅವಕ್ಕೆ ಓದುಗರು ಬರೆಯುವ ಪತ್ರಗಳನ್ನೂ ಜರ್ಮನಿಯಲ್ಲಿದ್ದುಕೊಂಡೇ ತಪ್ಪದೆ ಓದುತ್ತೇನೆ. ಕಂಡಲ್ಲಿ ಹೊಡೆಯಲು ಬಿಡಿ ಎಂದು ಒಬ್ಬರು ಬರೆದರೆ, ಬೇಟೆಯ ಮಾತೇ ಎತ್ತಬೇಡಿ ಎಂದು ಇನ್ನೊಬ್ಬರು ಬರೆಯುತ್ತಾರೆ. ಈ ಎರಡರ ನಡುವೆ ಹೇಳಬೇಕಾದದ್ದು ಬಹಳ ಇದೆ. ಪತ್ರ ಸ್ವಲ್ಪ ಉದ್ದವಾಗಿದೆ, ಮೊಟಕುಗೊಳಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ತೀರ್ಥಹಳ್ಳಿ ಸೀಮೆಯ, ಗದ್ದೆ ಮತ್ತು ಅಡಿಕೆ ತೋಟ ಇರುವ ಮನೆಯ ಮಗಳು. ಈಗ ಕೆಲಸ ಫ್ರಾಂಕ್‌ಫರ್ಟಿನ ಬ್ಯಾಂಕೊಂದರಲ್ಲಿ. ವಾಸ ಮಾತ್ರ ನಗರದ ಆಚೆ, ಟೌನಸ್ ಬೆಟ್ಟಸಾಲಿನ ಒಂದು ಹಳ್ಳಿಯಲ್ಲಿ. ಅಲ್ಲಿನ ಬೇಟೆ ಸಂಘದ ಸದಸ್ಯೆ ನಾನು. ಪರೀಕ್ಷೆ ಪಾಸು ಮಾಡಿ ಪರವಾನಗಿಯನ್ನೂ ಪಡೆದಿದ್ದೇನೆ. ಊರಿನ ನೆಂಟರಿಗೆ ಇದನ್ನು ಹೇಳಿದರೆ ಬೆಚ್ಚಿಬೀಳುತ್ತಾರೆ. ಇಲ್ಲಿನ ಕನ್ನಡಿಗ ಗೆಳೆಯರು ಮುಖ ಸಪ್ಪಗೆ ಮಾಡಿಕೊಂಡು ಬೇರೆ ಮಾತು ತೆಗೆಯುತ್ತಾರೆ. ಬೇಟೆ ಸಂಘವೆಂದರೆ ಕೊಲ್ಲುವ ಖಯಾಲಿಯವರ ಕೂಟ ಎಂದು ಎಲ್ಲರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಒಳಗೆ ಹೋಗಿ ನೋಡಿದವಳಾಗಿ ಹೇಳುತ್ತೇನೆ: ಕೋವಿ ಹಿಡಿದವರನ್ನು ನೆಲಕ್ಕೆ, ರೈತನ ನಷ್ಟಕ್ಕೆ ಮತ್ತು ಕಾನೂನಿಗೆ ಉತ್ತರದಾಯಿಯಾಗಿ ಮಾಡುವ ಇಂಥ ಇನ್ನೊಂದು ವ್ಯವಸ್ಥೆಯನ್ನು ನಾನು ಕಂಡಿಲ್ಲ.

ನಮ್ಮ ಊರಿನ ರೈತರಿಗೆ ಮೊದಲು ತಿಳಿಯಬೇಕಾದ ವಿಷಯವನ್ನೇ ಮೊದಲು ಬರೆಯುತ್ತೇನೆ. ಜರ್ಮನಿಯಲ್ಲಿ ಕಾಡುಹಂದಿ ಹೊಲ ಹಾಳು ಮಾಡಿದರೆ ರೈತನಿಗೆ ಪರಿಹಾರ ಸಿಗಬೇಕಾದದ್ದು ಸರ್ಕಾರದ ಖಜಾನೆಯಿಂದಲ್ಲ. ಬೇಟೆಯ ಹಕ್ಕು ಯಾರ ಕೈಯಲ್ಲಿದೆಯೋ ಅವರು ತೆರಬೇಕು. 1952ರ ಫೆಡರಲ್ ಬೇಟೆ ಕಾಯ್ದೆ ಹೇಳುವುದು ಅದನ್ನೇ. ಒಂದೇ ಕಡೆ 75 ಹೆಕ್ಟೇರ್ ಜಮೀನು ಇದ್ದವನಿಗೆ ತನ್ನದೇ ಬೇಟೆ ಕ್ಷೇತ್ರ ಇರುತ್ತದೆ. ಅಷ್ಟಿಲ್ಲದ ಸಣ್ಣ ಹಿಡುವಳಿದಾರರೆಲ್ಲ ಕಾನೂನಿನ ಪ್ರಕಾರವೇ ಒಂದು ಕೂಟವಾಗುತ್ತಾರೆ. ಆ ಕೂಟ ಊರಿನ ಬೇಟೆಯ ಹಕ್ಕನ್ನು ಗುತ್ತಿಗೆಗೆ ಕೊಡುತ್ತದೆ. ಗುತ್ತಿಗೆ ಒಂಬತ್ತು ವರ್ಷಕ್ಕಿಂತ ಕಡಿಮೆ ಇರಬಾರದೆಂಬುದು ಕಾಯ್ದೆಯ ಆಶಯ. ಒಂದೆರಡು ವರ್ಷದ ಗುತ್ತಿಗೆ ಹಿಡಿದವನು ಕೈಗೆ ಸಿಕ್ಕಿದ್ದನ್ನೆಲ್ಲ ಹೊಡೆದು ಹೋಗಬಹುದು, ಒಂಬತ್ತು ವರ್ಷ ಅದೇ ಕಾಡಿನಲ್ಲಿ ತಿರುಗಬೇಕಾದವನು ಹಾಗೆ ಮಾಡಲಾರ. ಬೆಳೆ ಹಾನಿಯನ್ನು ತುಂಬಿಕೊಡುವ ಹೊಣೆಯೂ ಸಾಮಾನ್ಯವಾಗಿ ಗುತ್ತಿಗೆ ಪತ್ರದ ಮೂಲಕ ಇವನ ಹೆಗಲಿಗೇ ಬರುತ್ತದೆ.

ನಮ್ಮ ಕ್ಷೇತ್ರದ ಗುತ್ತಿಗೆದಾರರು ಒಬ್ಬ ಹಿರಿಯ ಬಡಗಿ. ಆಗಸ್ಟ್ ತಿಂಗಳಲ್ಲಿ ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಅವರೊಂದಿಗೆ ಹೊಲ ನೋಡಲು ಹೋಗುತ್ತೇನೆ. ರಸ್ತೆಯಿಂದ ನೋಡಿದರೆ ಮುಸುಕಿನ ಜೋಳ ಆಳೆತ್ತರ ನಿಂತಿರುತ್ತದೆ, ಎಲ್ಲವೂ ಕ್ಷೇಮ ಎನ್ನಿಸುತ್ತದೆ. ಸಾಲು ಬಿಡಿಸಿಕೊಂಡು ಒಳಗೆ ನುಗ್ಗಿದರೆ ನಟ್ಟನಡುವೆ ಗದ್ದೆಯ ಕಣದಷ್ಟು ಜಾಗ ಚಪ್ಪಟೆ. ದಂಟು ಒಂದೇ ಕಡೆಗೆ ಮಲಗಿ, ತೆನೆಗಳ ತುದಿ ಮಾತ್ರ ಕಚ್ಚಿ ಉಗುಳಿದ ಹಾಗೆ ಬಿದ್ದು, ಮಣ್ಣಿನಲ್ಲಿ ಗೊರಸಿನ ಗುರುತು, ಹುಳಿವಾಸನೆ. ಬಡಗಿ ಹೆಜ್ಜೆ ಹಾಕಿ ಅಗಲ ಅಳೆಯುತ್ತಾರೆ, ರೈತ ಉದ್ದ ಅಳೆಯುತ್ತಾನೆ. ಹಾನಿ ಗೊತ್ತಾದ ಒಂದು ವಾರದೊಳಗೆ ರೈತ ದೂರು ಕೊಡಬೇಕೆಂಬುದು ನಿಯಮ. ಮಾತು ಹೊಂದದಿದ್ದರೆ ಅಂದಾಜು ಮಾಡುವ ಅಧಿಕೃತ ಪರಿಣತರು ಬರುತ್ತಾರೆ. ನಮ್ಮಲ್ಲಿ ಹೆಚ್ಚಿನ ಸಲ ಹೊಲದ ಅಂಚಿನಲ್ಲೇ ಮಾತು ಮುಗಿಯುತ್ತದೆ. ಹಣ ಎಷ್ಟೆಂದು ಒಪ್ಪಿ ಇಬ್ಬರೂ ಕೈ ಕುಲುಕುತ್ತಾರೆ. ಅಂದಿನ ಸಂಜೆಯೇ ನಾವು ನಾಲ್ಕೈದು ಜನ ಸೇರಿ ಆ ಹೊಲಕ್ಕೆ ವಿದ್ಯುತ್ ತಂತಿ ಎಳೆಯುತ್ತೇವೆ. ಹಂದಿ ಇನ್ನೊಮ್ಮೆ ಬಂದರೆ ಜೇಬಿನಿಂದ ಹಣ ಹೋಗುವುದು ಬೇಟೆಗಾರನದೇ ಅಲ್ಲವೇ?

ಊರಿನಲ್ಲಿ ನನ್ನ ತಮ್ಮ ಬೆಳೆ ಹಾನಿಗೆ ಅರ್ಜಿ ಹಾಕಿ ಪಹಣಿ, ಫೋಟೊ, ಬ್ಯಾಂಕ್ ಪುಸ್ತಕದ ಪ್ರತಿ ಎಲ್ಲ ಕೊಟ್ಟು ಕಚೇರಿಗೆ ಅಲೆಯುವುದನ್ನು ನೋಡಿದವಳಿಗೆ ಆ ಕೈಕುಲುಕು ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದು ಹೀಗೆ ಬಂದದ್ದರ ಹಿಂದೆ ರೈತರ ಸಿಟ್ಟಿನ ಚರಿತ್ರೆ ಇದೆ. ಇಲ್ಲಿನ ರಾಜರು, ಸರದಾರರು ರೈತರ ಹೊಲಗಳ ಮೇಲೆಯೇ ಬೇಟೆಯಾಡುತ್ತಿದ್ದರು. ಬೆಳೆ ತಿನ್ನುವ ಮೃಗವನ್ನು ಕೊಲ್ಲುವ ಹಕ್ಕು ರೈತನಿಗೆ ಇರಲಿಲ್ಲ. ಮೇಲಾಗಿ ದೊರೆಯ ಬೇಟೆಗೆ ಕಾಡು ಸೋಯುವ, ಅಂದರೆ ಗದ್ದಲ ಮಾಡಿ ಮೃಗಗಳನ್ನು ಎಬ್ಬಿಸಿ ಓಡಿಸುವ, ಬಿಟ್ಟಿ ಚಾಕರಿ ಬೇರೆ. 1848ರ ಕ್ರಾಂತಿಯಲ್ಲಿ ಈ ಪದ್ಧತಿ ಕೊನೆಗೊಂಡಿತು. ನನ್ನ ಕಚೇರಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿರುವ ಪೌಲ್ಸ್‌ಕಿರ್ಷೆ ಎಂಬ ಚರ್ಚಿನಲ್ಲಿ ಸಭೆ ಸೇರಿದ ಪ್ರತಿನಿಧಿಗಳು ಸಿದ್ಧಪಡಿಸಿದ 1849ರ ಸಂವಿಧಾನದಲ್ಲಿ, ತನ್ನ ನೆಲದಲ್ಲಿ ಬೇಟೆಯಾಡುವ ಹಕ್ಕು ನೆಲದ ಒಡೆಯನದೇ ಎಂದು ಬರೆದರು. ಆ ಸಂವಿಧಾನ ಜಾರಿಯಲ್ಲಿ ಉಳಿಯದಿದ್ದರೂ ನೆಲಕ್ಕೂ ಬೇಟೆಯ ಹಕ್ಕಿಗೂ ಹಾಕಿದ ಗಂಟು ಇಂದಿಗೂ ಬಿಗಿಯಾಗಿದೆ.

ಸಂಘಕ್ಕೆ ಸೇರುವವರಿಗೆ ಸಿಗುವ ಮೊದಲ ಲಾಭವೆಂದರೆ ಓದು. ಕೋವಿ ಕೈಗೆ ಬರುವುದು ಆಮೇಲೆ. ನಮ್ಮ ಸಂಘದ ತರಗತಿ ಶರತ್ಕಾಲದಲ್ಲಿ ಶುರುವಾಗಿ ವಸಂತದ ಪರೀಕ್ಷೆಯವರೆಗೆ ನಡೆಯುತ್ತದೆ. ವಾರದ ಸಂಜೆಗಳಲ್ಲಿ ಪಾಠ, ಶನಿವಾರ ಕಾಡಿನಲ್ಲಿ ಅಥವಾ ಗುರಿ ಅಭ್ಯಾಸದ ಮೈದಾನದಲ್ಲಿ. ಪ್ರಾಣಿಗಳ ಜೀವನಕ್ರಮ, ಮರಗಳ ಗುರುತು, ಬೇಸಾಯ, ರೋಗಗಳು, ನಾಯಿ ತರಬೇತಿ, ಮಾಂಸದ ಶುಚಿತ್ವ, ಆಯುಧ ಕಾನೂನು, ಪ್ರಕೃತಿ ಸಂರಕ್ಷಣೆ ಇಷ್ಟನ್ನೂ ಕಲಿಯಬೇಕು. ಬರವಣಿಗೆಯ ಪರೀಕ್ಷೆ, ಎದುರು ನಿಲ್ಲಿಸಿ ಕೇಳುವ ಪರೀಕ್ಷೆ, ಗುರಿ ಪರೀಕ್ಷೆ ಎಲ್ಲವನ್ನೂ ಪಾಸು ಮಾಡಬೇಕು. ಕೋವಿಯ ಬಾಯಿ ಒಂದು ಕ್ಷಣ ಪರೀಕ್ಷಕರ ಕಡೆ ತಿರುಗಿದರೂ ಮನೆಗೆ ಹೋಗಬಹುದು. ನನ್ನ ತಂಡದಲ್ಲಿ ಒಬ್ಬ ದಾದಿ, ಇಬ್ಬರು ವಿದ್ಯಾರ್ಥಿನಿಯರು, ಒಬ್ಬ ಲಾರಿ ಚಾಲಕ, ಒಬ್ಬ ನಿವೃತ್ತ ಶಿಕ್ಷಕ ಇದ್ದರು. ಈ ತರಗತಿಗಳಿಗೆ ಈಗ ಬರುವವರಲ್ಲಿ ನಾಲ್ಕರಲ್ಲಿ ಒಬ್ಬರಾದರೂ ಮಹಿಳೆಯರು. ನಮ್ಮ ಅಜ್ಜಯ್ಯನ ಕಾಲದಲ್ಲಿ ಈಡಾದ ಹಂದಿಯನ್ನು ಪಾಲು ಮಾಡುವಾಗ ದೀಪ ಹಿಡಿದು ನಿಲ್ಲುವುದಷ್ಟೇ ಹೆಣ್ಣುಮಕ್ಕಳ ಕೆಲಸವಾಗಿತ್ತು. ಅಟ್ಟದ ಮೇಲಿದ್ದ ಕೇಪಿನ ಕೋವಿಯನ್ನು ಮುಟ್ಟಿದರೆ ಬೈಗುಳ ಬೀಳುತ್ತಿತ್ತು.

ಗುಂಡಿನ ವಿಷಯದಲ್ಲಿ ಸಂಘ ಕಲಿಸುವ ಒಂದು ಪಾಠ ಮಲೆನಾಡಿನ ಪ್ರತಿ ಮನೆಗೆ ಮುಟ್ಟಬೇಕು. ರೈಫಲ್ಲಿನ ಗುಂಡು ಐದು ಕಿಲೋಮೀಟರ್ ದೂರದವರೆಗೂ ಅಪಾಯಕಾರಿ. ಆದ್ದರಿಂದ ಪ್ರಾಣಿಯ ಹಿಂದೆ ಗುಂಡನ್ನು ನುಂಗುವ ಮಣ್ಣು ಕಣ್ಣಿಗೆ ಕಾಣದಿದ್ದರೆ ಕೋವಿಯ ಕುದುರೆಯ (ಟ್ರಿಗರ್) ಮೇಲೆ ಬೆರಳು ಇಡುವಂತಿಲ್ಲ. ಪೊದೆ ಮಣ್ಣಲ್ಲ, ಆಕಾಶ ಮಣ್ಣಲ್ಲ, ಕತ್ತಲೆ ಮಣ್ಣಲ್ಲ ಎಂದು ನಮ್ಮ ಬೋಧಕರು ಮತ್ತೆ ಮತ್ತೆ ಹೇಳುತ್ತಿದ್ದರು. ಅಟ್ಟಣೆಗಳನ್ನು ಎತ್ತರಕ್ಕೆ ಕಟ್ಟುವುದಕ್ಕೆ ಒಂದು ದೊಡ್ಡ ಕಾರಣವೂ ಇದೇ, ಗುಂಡು ಕೆಳಮುಖವಾಗಿ ಹೋಗಿ ನೆಲ ಸೇರುತ್ತದೆ. ಹಳು ಅಲುಗಿತೆಂದು ಈಡು ಹಾರಿಸಿ, ಹತ್ತಿರ ಹೋಗಿ ನೋಡಿದರೆ ಮನುಷ್ಯ ಬಿದ್ದಿದ್ದ ಸುದ್ದಿಯನ್ನು ನಮ್ಮ ಕಡೆಯವರು ಎಷ್ಟು ಸಲ ಕೇಳಿಲ್ಲ? ಮರಸಿಗೆ, ಅಂದರೆ ಮೃಗ ಬರುವುದನ್ನು ಕಾಯುತ್ತ ಮರೆಯಲ್ಲಿ, ಕೂತವರೂ, ಕಾಡು ಸೋಯಲು ಹೋದವರೂ ಹೀಗೆ ಸತ್ತಿದ್ದಾರೆ. ಅವರ ಮನೆಯವರಿಗೆ ದೈವ ಮುನಿಯಿತು ಎಂದು ಸಮಾಧಾನ ಹೇಳಿ ಕಳಿಸಿದ್ದೇವೆ. ದೈವ ಏನೂ ಮುನಿದಿರಲಿಲ್ಲ. ಕೋವಿ ಹಿಡಿದವನಿಗೆ ಯಾರೂ ಕಲಿಸಿರಲಿಲ್ಲ, ಕೇಳುವವರೂ ಇರಲಿಲ್ಲ.

ಇಲ್ಲಿ ಕೇಳುವವರು ಇದ್ದಾರೆ. ನನ್ನ ರೈಫಲ್ ಮನೆಯಲ್ಲಿ ನಿಗದಿತ ದರ್ಜೆಯ ಉಕ್ಕಿನ ಪೆಟ್ಟಿಗೆಯಲ್ಲೇ ಇರಬೇಕು. ಅಧಿಕಾರಿಗಳು ಹೇಳದೆ ಕೇಳದೆ ಬಂದು ಪೆಟ್ಟಿಗೆ ನೋಡಬಹುದು. ನಾನು ಕೋವಿ ಇಟ್ಟುಕೊಳ್ಳಲು ಯೋಗ್ಯಳೇ ಎಂಬ ತಪಾಸಣೆ ಕಾಲಕಾಲಕ್ಕೆ ನಡೆಯುತ್ತಲೇ ಇರುತ್ತದೆ. ವಿಮೆ ಇಲ್ಲದೆ ಬೇಟೆ ಪರವಾನಗಿಯೇ ಸಿಗದು. ಕುಡಿದು ಕೋವಿ ಬಳಸಿದವನನ್ನು ನಂಬಲಾಗದು ಎಂದು 2014ರಲ್ಲಿ ಇಲ್ಲಿನ ಫೆಡರಲ್ ಆಡಳಿತ ನ್ಯಾಯಾಲಯ ಹೇಳಿತು. ಆ ಮನುಷ್ಯ ಯಾರಿಗೂ ಗಾಯ ಮಾಡಿರಲಿಲ್ಲ, ಕುಡಿದಿದ್ದನೆಂಬುದೇ ಸಾಕಾಯಿತು. ಶಿಕಾರಿಯೆಂದರೆ ಬಾಟಲಿ ಜೊತೆಗಿರಬೇಕೆಂದು ತಿಳಿದಿರುವ ನಮ್ಮ ಕಡೆಯ ಗಂಡಸರು ಈ ತೀರ್ಪನ್ನು ಓದಬೇಕು.

ಇನ್ನು ಮೇ ತಿಂಗಳ ಕೆಲಸದ ಬಗ್ಗೆ ಹೇಳದಿದ್ದರೆ ಸಂಘಕ್ಕೆ ಅನ್ಯಾಯ ಮಾಡಿದಂತೆ. ರೋ ಎಂಬ ಚಿಕ್ಕ ಜಾತಿಯ ಜಿಂಕೆ ಇಲ್ಲಿ ಮೇ ತಿಂಗಳಲ್ಲಿ ಹೆಚ್ಚಾಗಿ ಮರಿ ಹಾಕುತ್ತದೆ. ತಾಯಿ ಮರಿಯನ್ನು ಎತ್ತರದ ಹುಲ್ಲಿನಲ್ಲಿ ಬಚ್ಚಿಟ್ಟು ದೂರ ಹೋಗುತ್ತದೆ, ಹಾಲೂಡಿಸಲಷ್ಟೇ ಬರುತ್ತದೆ. ಮೊದಲ ಎರಡು ಮೂರು ವಾರ ಮರಿಗೆ ಓಡುವ ಬುದ್ಧಿಯಿಲ್ಲ. ಅಪಾಯ ಬಂದರೆ ನೆಲಕ್ಕೆ ಅಂಟಿಕೊಂಡು ಮಲಗುತ್ತದೆ. ನರಿಯಿಂದ ಉಳಿಸುವ ಈ ಗುಣವೇ ಹುಲ್ಲು ಕೊಯ್ಯುವ ಯಂತ್ರದ ಎದುರು ಅದರ ಪ್ರಾಣ ತೆಗೆಯುತ್ತದೆ. ಹುಲ್ಲು ಕೊಯ್ಲಿನ ದಿನ ರೈತ ಹಿಂದಿನ ಸಂಜೆಯೇ ಫೋನ್ ಮಾಡುತ್ತಾನೆ. ಸೂರ್ಯ ಹುಟ್ಟುವ ಮೊದಲು, ನೆಲ ಇನ್ನೂ ತಣ್ಣಗಿರುವಾಗ ನಾವು ಶಾಖ ಗುರುತಿಸುವ ಕ್ಯಾಮೆರಾದ ಡ್ರೋನ್ ಹಾರಿಸುತ್ತೇವೆ. ಬಿಸಿಲೇರಿದರೆ ಪ್ರತಿ ಕಲ್ಲೂ, ಇಲಿಮಣ್ಣಿನ ಗುಡ್ಡೆಯೂ ಬೆಳ್ಳಗೆ ಕಾಣಿಸಿ ಗೊಂದಲವಾಗುತ್ತದೆ. ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಕಂಡ ಕೂಡಲೇ ಇಬ್ಬರು ಹುಲ್ಲಿನೊಳಗೆ ನಡೆಯುತ್ತೇವೆ. ನಮ್ಮ ವಾಸನೆ ತಾಗದಂತೆ ಕೈಗವಸು ಹಾಕಿ, ಹಸಿ ಹುಲ್ಲಿನ ಹಿಡಿಯಲ್ಲಿ ಮರಿಯನ್ನು ಸುತ್ತಿ ಎತ್ತಬೇಕು. ಬೆನ್ನ ಮೇಲೆ ಬಿಳಿ ಚುಕ್ಕೆಗಳ ಸಾಲು, ಕಣ್ಣು ರೆಪ್ಪೆ ಮಿಟುಕಿಸದೆ ದಿಟ್ಟಿಸುತ್ತದೆ, ಕೈಯೊಳಗೆ ಎದೆಬಡಿತ ಮಾತ್ರ ಡವಡವ ತಿಳಿಯುತ್ತದೆ. ಗಾಳಿಯಾಡುವ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ನೆರಳಿನಲ್ಲಿ ಇಟ್ಟು, ಯಂತ್ರ ಕೆಲಸ ಮುಗಿಸಿದ ಮೇಲೆ ಹೊಲದಂಚಿನಲ್ಲಿ ಬಿಡುತ್ತೇವೆ. ಪೊದೆಯ ಮರೆಯಿಂದ ತಾಯಿ ಕರೆಯುವುದು ಕೇಳಿಸುತ್ತದೆ. ಈ ಡ್ರೋನ್ ಕೊಳ್ಳಲು 2021ರಿಂದ ಇಲ್ಲಿನ ಕೃಷಿ ಸಚಿವಾಲಯ ಸಂಘಗಳಿಗೆ ಸಹಾಯಧನ ಕೊಡುತ್ತಿದೆ. ನನ್ನ ಮಗಳು ಈ ಕೆಲಸಕ್ಕೆ ಅಲಾರಂ ಇಲ್ಲದೆ ಏಳುತ್ತಾಳೆ.

ಮೇ ತಿಂಗಳಲ್ಲಿ ಉಳಿಸಿದ ಜಿಂಕೆಯನ್ನೇ ಮುಂದೊಂದು ದಿನ ಹೊಡೆಯುತ್ತೀರಲ್ಲ ಎಂದು ನನ್ನ ಸಸ್ಯಾಹಾರಿ ಗೆಳತಿ ಕೇಳಿದಳು. ಹೌದು, ಹೊಡೆಯಬಹುದು. ನ್ಯಾಯವಾದ ಪ್ರಶ್ನೆ, ಅದಕ್ಕೆ ನೇರವಾದ ಉತ್ತರವೇ ಕೊಡಬೇಕು. ಜಿಂಕೆ, ಹಂದಿಗಳ ಸಂಖ್ಯೆಗೆ ಕಡಿವಾಣ ಹಾಕುವಷ್ಟು ದೊಡ್ಡ ಮೃಗಗಳು ಈ ದೇಶದಲ್ಲಿ ಶತಮಾನದಿಂದ ಇರಲಿಲ್ಲ. ತೋಳ ಇತ್ತೀಚಿನ ದಶಕಗಳಲ್ಲಷ್ಟೇ ಹಿಂತಿರುಗಿದೆ. 2019–20ರ ಒಂದೇ ಬೇಟೆ ವರ್ಷದಲ್ಲಿ ಜರ್ಮನಿಯಲ್ಲಿ ಸುಮಾರು 8.8 ಲಕ್ಷ ಕಾಡುಹಂದಿಗಳನ್ನು ಹೊಡೆಯಲಾಯಿತು, ಆದರೂ ಅವು ಮುಗಿಯಲಿಲ್ಲ. ರೋ ಜಿಂಕೆಗಳು ಹೆಚ್ಚಾದರೆ ಓಕ್, ಫರ್ ಸಸಿಗಳ ಕುಡಿಯನ್ನೆಲ್ಲ ಚಿವುಟಿ ಕಾಡು ಮತ್ತೆ ಬೆಳೆಯದಂತೆ ಮಾಡುತ್ತವೆ. ಹಾಗೆಂದು ಯಾವುದನ್ನೂ ಯಾವಾಗಲೂ ಹೊಡೆಯುವಂತಿಲ್ಲ. ಮರಿಗಳನ್ನು ಸಾಕುತ್ತಿರುವ ತಾಯಿಯನ್ನು ಕೊಂದರೆ ಐದು ವರ್ಷದವರೆಗೆ ಜೈಲಾಗಬಹುದು. ಆದ್ದರಿಂದ ಹಂದಿಗಳ ಹಿಂಡು ಎದುರಿಗೆ ಬಂದರೆ ಬಹುಪಾಲು ಸಂಜೆ ನಾವು ಕೋವಿ ಎತ್ತದೆ ನೋಡುತ್ತಾ ಕೂರುತ್ತೇವೆ. ಯಾವುದು ತಾಯಿ, ಯಾವುದು ವರ್ಷದ ಮರಿ ಎಂದು ಖಚಿತವಾಗುವವರೆಗೆ ಅದೇ ನಮ್ಮ ಕೆಲಸ.

ಪ್ರಾಣಿ ಬಿದ್ದ ಮೇಲೆ ಅದರ ಬಾಯಲ್ಲಿ ಓಕ್ ಅಥವಾ ಫರ್ ಮರದ ಒಂದು ಚಿಗುರುಕೊಂಬೆ ಇಡುವುದು ಇಲ್ಲಿನ ಸಂಪ್ರದಾಯ, ಅದರ ಕೊನೆಯ ತುತ್ತು ಎಂದು. ಸಾಮೂಹಿಕ ಬೇಟೆಯ ಕೊನೆಯಲ್ಲಿ ಪ್ರಾಣಿಗಳನ್ನು ಸಾಲಾಗಿ ಮಲಗಿಸಿ, ಟೋಪಿ ತೆಗೆದು ನಿಂತು, ಒಂದೊಂದು ಜಾತಿಗೂ ಅದರದೇ ಸ್ವರದಲ್ಲಿ ಕಹಳೆ ಊದುತ್ತಾರೆ. ಯಾರೂ ಸಾಲನ್ನು ದಾಟಿ ಹೋಗುವಂತಿಲ್ಲ. ಗುಂಡು ತಗುಲಿದ ಪ್ರಾಣಿ ತಪ್ಪಿಸಿಕೊಂಡರೆ ಪಳಗಿದ ನಾಯಿಯೊಂದಿಗೆ ಹುಡುಕಲೇಬೇಕು, ನರಳಲು ಬಿಟ್ಟು ಬರುವುದು ಅಪರಾಧ. ಮಾಂಸಕ್ಕೂ ಲೆಕ್ಕ ಇದೆ. ಯಕೃತ್ತು, ಶ್ವಾಸಕೋಶ, ಗ್ರಂಥಿಗಳನ್ನು ನೋಡಿ ರೋಗ ಗುರುತಿಸಲು ನಮಗೆ ಕಲಿಸಿದ್ದಾರೆ. ಹಂದಿಯಾದರೆ ವಪೆಯ ತುಣುಕನ್ನು ಹುಳದ ಪರೀಕ್ಷೆಗೆ ಪಶುವೈದ್ಯ ಕಚೇರಿಗೆ ಕಳಿಸಿ ಫಲಿತಾಂಶ ಬರುವವರೆಗೆ ಮಾಂಸ ಹಂಚುವಂತಿಲ್ಲ. ನಮ್ಮ ಮನೆಯಲ್ಲಿ ಹಂದಿ ಮಾಂಸಕ್ಕೆ ಅಮ್ಮ ಕಳಿಸಿದ ಉಪ್ಪಾಗೆ ಹುಳಿ ಬೀಳುತ್ತದೆ. ಸಂಘದ ಹಿರಿಯರು ಅದನ್ನು ಕೇಳಿ ಪಡೆದು ತಿನ್ನುತ್ತಾರೆ.

2024ರ ಜೂನ್‌ನಲ್ಲಿ ನಮ್ಮ ಹೆಸ್ಸೆನ್ ರಾಜ್ಯದ ಗ್ರೋಸ್‌ಗೆರಾವ್ ಜಿಲ್ಲೆಯ ಕಾಡುಹಂದಿಯೊಂದರಲ್ಲಿ ಆಫ್ರಿಕನ್ ಹಂದಿಜ್ವರ ಪತ್ತೆಯಾದಾಗ ಸಂಘಗಳ ಬೆಲೆ ಎಲ್ಲರಿಗೂ ಗೊತ್ತಾಯಿತು. ಹಂದಿಗಳು ಬೆದರಿ ಚದುರಿದರೆ ರೋಗ ಹರಡುತ್ತದೆಂದು ಸೋಂಕಿನ ವಲಯದಲ್ಲಿ ಬೇಟೆಯನ್ನೇ ನಿಲ್ಲಿಸಿದರು. ಕೋವಿ ಬದಿಗಿಟ್ಟು ಬೇಲಿ ಕಾಯುವುದು, ಸತ್ತ ಹಂದಿ ಕಂಡರೆ ವರದಿ ಮಾಡುವುದು ಇದೇ ಕೆಲಸವಾಯಿತು. ಯಾವ ಹಳ್ಳದಲ್ಲಿ ಹಂದಿ ಮಲಗುತ್ತದೆಂದು ಗೊತ್ತಿರುವವರು ಪ್ರತಿ ಊರಿನಲ್ಲಿ ನಾಲ್ಕು ಜನ ಇದ್ದದ್ದರಿಂದ ಇದು ಸಾಧ್ಯವಾಯಿತು.

ಇಷ್ಟೆಲ್ಲ ಬರೆದು ಕರ್ನಾಟಕದಲ್ಲೂ ಬೇಟೆ ತೆರೆಯಿರಿ ಎನ್ನುತ್ತೀರಾ ಎಂದು ಓದುಗರು ಕೇಳಬಹುದು. ಖಂಡಿತ ಇಲ್ಲ. 1972ರ ಗಣತಿಯಲ್ಲಿ ಇಡೀ ದೇಶಕ್ಕೆ 1,827 ಹುಲಿಗಳು ಎಂದಾಗಿತ್ತು. ಅದೇ ವರ್ಷ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲ್ಲದಿದ್ದರೆ ನಮ್ಮ ಕಾಡುಗಳಲ್ಲಿ ಏನು ಉಳಿಯುತ್ತಿತ್ತೋ ಊಹಿಸಲಾರೆ. ಅಷ್ಟು ಜನಸಂಖ್ಯೆ, ಅಷ್ಟು ಸಣ್ಣ ಹಿಡುವಳಿ, ಅಷ್ಟು ವೈವಿಧ್ಯದ ಕಾಡಿನಲ್ಲಿ ಜರ್ಮನಿಯ ಪದ್ಧತಿಯನ್ನು ಹಾಗೇ ತಂದು ಹೂಡಲಾಗದು. ಆದರೆ ಸಂಘ ಎಂಬುದನ್ನು ತರಬಹುದು. ನಮ್ಮ ಪಕ್ಕದಲ್ಲೇ ಅದಕ್ಕೆ ಉದಾಹರಣೆಗಳಿವೆ. 1877ರಲ್ಲಿ ನೀಲಗಿರಿಯ ಬೇಟೆಗಾರರು ಕಟ್ಟಿಕೊಂಡ ಸಂಘವೇ ಇಂದು ವನ್ಯಜೀವಿ ಮತ್ತು ಪರಿಸರ ಸಂಘವಾಗಿ ನಿಂತಿದೆ. ಮುನ್ನಾರಿನ ಚಹಾ ತೋಟದವರ ಬೇಟೆ ಸಂಘ ಕಾಯ್ದುಕೊಂಡು ಬಂದ ಗುಡ್ಡಗಳೇ ಇಂದಿನ ಎರವಿಕುಳಂ ರಾಷ್ಟ್ರೀಯ ಉದ್ಯಾನ, ನೀಲಗಿರಿ ತಾರ್ ಎಂಬ ಕಾಡುಮೇಕೆಗಳ ಅತಿ ದೊಡ್ಡ ನೆಲೆ.

ನಮ್ಮ ತಾಲ್ಲೂಕುಗಳಲ್ಲಿ ಬೆಳೆ ರಕ್ಷಣೆಯ ಹೆಸರಿನಲ್ಲಿ ಪರವಾನಗಿ ಪಡೆದ ಕೋವಿಗಳಿವೆ. ಚುನಾವಣೆ ಬಂದಾಗ ಅವನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರುತ್ತೇವೆ. ಕೋವಿಯ ಒಡೆಯನಿಗೂ ಸರ್ಕಾರಕ್ಕೂ ಇರುವ ಸಂಬಂಧ ಹೆಚ್ಚುಕಡಿಮೆ ಅಷ್ಟೇ. ಈ ಪರವಾನಗಿದಾರರನ್ನೆಲ್ಲ ಒಂದು ತಾಲ್ಲೂಕು ಸಂಘಕ್ಕೆ ಸೇರಿಸಿ, ವರ್ಷಕ್ಕೊಮ್ಮೆಯಾದರೂ ಸುರಕ್ಷತೆಯ ತರಬೇತಿ ಮತ್ತು ಪರೀಕ್ಷೆ ಕಡ್ಡಾಯ ಮಾಡಿದರೆ ಯಾರಿಗೆ ನಷ್ಟ? ಅದೇ ಸಂಘದವರು ಅರಣ್ಯ ಇಲಾಖೆಯ ಜೊತೆ ನಿಂತು ಒಂದು ವಾರದೊಳಗೆ ಹೊಲ ಅಳೆದು ಹಾನಿಯ ಅಂದಾಜು ಬರೆಯಲಿ. ಬೇಲಿಯ ತಂತಿಗೆ ಮನೆಯ ವಿದ್ಯುತ್ತನ್ನೇ ನೇರ ಕೊಟ್ಟು ಆನೆಯನ್ನೂ ಪಕ್ಕದ ಮನೆಯ ಆಳನ್ನೂ ಸಾಯಿಸುವವರನ್ನು, ಉರುಳು ಮತ್ತು ಸಿಡಿಮದ್ದು ಇಡುವವರನ್ನು ತಡೆಯಲಿ. ಊರಿನವರೇ ಹೇಳಿದರೆ ಕೇಳುವ ಮಾತುಗಳು ಕೆಲವಿವೆ. ಒಂದೂ ಗುಂಡು ಹಾರಿಸದೆ ಇದನ್ನೆಲ್ಲ ಮಾಡಬಹುದು. ಕೃಷಿ ಮತ್ತು ಅರಣ್ಯ ಇಲಾಖೆಗಳು ಮಲೆನಾಡಿನ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಪ್ರಯತ್ನಿಸಿ ನೋಡಲಿ ಎಂಬುದು ನನ್ನ ಮನವಿ.

ಜರ್ಮನಿಯಲ್ಲಿರುವ ಕನ್ನಡಿಗರಿಗೆ ಬೇರೆಯದೇ ಒಂದು ಮಾತು. ನಮ್ಮಲ್ಲಿ ಬಹಳ ಜನ ಕಚೇರಿ, ಮನೆ, ವಾರಾಂತ್ಯದ ಕನ್ನಡ ಸಂಘ ಇಷ್ಟರಲ್ಲೇ ವರ್ಷಗಳನ್ನು ಕಳೆಯುತ್ತೇವೆ, ಪಕ್ಕದ ಮನೆಯವರ ಹೆಸರೂ ತಿಳಿದಿರುವುದಿಲ್ಲ. ಬೇಟೆ ಸಂಘ ಸೇರಿದ ಮೇಲೆ ಊರಿನ ರೈತರು, ಅರಣ್ಯಾಧಿಕಾರಿ, ಕಟುಕರು, ಬಡಗಿ ಎಲ್ಲರ ಮನೆಯ ಅಡುಗೆಕೋಣೆಗೆ ನಾನು ಹೋಗಿ ಕೂತಿದ್ದೇನೆ. ರಾತ್ರಿ ಎರಡು ಗಂಟೆಗೆ ರಸ್ತೆಯಲ್ಲಿ ಕಾರಿಗೆ ಜಿಂಕೆ ಸಿಕ್ಕಿತೆಂದು ಕರೆ ಬಂದರೆ ಬಡಗಿಯ ಜೊತೆ ನಾನೂ ಹೊರಡುತ್ತೇನೆ. ಅವರ ಜರ್ಮನ್ ನನಗೆ ಪಾಠಶಾಲೆಗಿಂತ ಹೆಚ್ಚು ಕಲಿಸಿದೆ. ಕೋವಿ ಹಿಡಿಯುವ ಮನಸ್ಸಿಲ್ಲದವರೂ ಸೇರಬಹುದು. ಮರಿ ಹುಡುಕಲು, ಗೂಡುಪೆಟ್ಟಿಗೆ ಕಟ್ಟಲು, ಕಹಳೆ ತಂಡದಲ್ಲಿ ಊದಲು ಜನ ಯಾವಾಗಲೂ ಕಡಿಮೆಯೇ.

ತರಗತಿಗೆ ಎರಡು ಸಾವಿರ ಯೂರೊ ಆಸುಪಾಸು ಖರ್ಚು ಬರುತ್ತದೆ, ಗುಂಡು ಮತ್ತು ಪುಸ್ತಕಕ್ಕೆ ಬೇರೆ. ಪರೀಕ್ಷೆ ಜರ್ಮನ್ ಭಾಷೆಯಲ್ಲಿ, ಆದ್ದರಿಂದ ಭಾಷೆ ತಕ್ಕಮಟ್ಟಿಗೆ ಬರಬೇಕು. ಹೊಸ ತಂಡಗಳು ಸಾಮಾನ್ಯವಾಗಿ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಶುರುವಾಗುತ್ತವೆ, ಬೇಸಿಗೆ ರಜೆಗೆ ಮೊದಲೇ ನಿಮ್ಮ ಜಿಲ್ಲೆಯ ಬೇಟೆ ಸಂಘದಲ್ಲಿ ಹೆಸರು ಬರೆಸಿ. ಮೊದಲು ಮೇ ತಿಂಗಳ ಒಂದು ಬೆಳಗಿನ ಜಾವ ಹುಲ್ಲುಗಾವಲಿಗೆ ಬರಲು ಕೇಳಿಕೊಳ್ಳಿ, ಯಾವ ಸಂಘದವರೂ ಬೇಡ ಎನ್ನಲಾರರು.

ಇಂತಿ,
ತೀರ್ಥಹಳ್ಳಿ ಮೂಲದ ಓದುಗಿ,
ಫ್ರಾಂಕ್‌ಫರ್ಟ್ ಸಮೀಪ, ಜರ್ಮನಿ